ರೋಗಿಯ ನಂಬಿಕೆ ಏನೆಂದು ಆಸ್ಪತ್ರೆ ಕೇಳಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಗುಣವಾಗುವ ಆಸೆ ಉಳಿಯದ ರೋಗಿಗೆ ಘನತೆಯಿಂದ ಸಾಯುವ ಹಕ್ಕನ್ನು ಜಾರಿಗೊಳಿಸಲು ರಾಜ್ಯ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಹೊರಡಿಸಿದ ಸುತ್ತೋಲೆಯ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ತೀರ್ಪನ್ನೂ 2023ರಲ್ಲಿ ಅದರ ನಿಯಮಗಳನ್ನು ಸರಳಗೊಳಿಸಿದ ಆದೇಶವನ್ನೂ ಅನುಸರಿಸಿ ಬಂದ ಈ ಸುತ್ತೋಲೆಯು, ಎರಡು ಹಂತದ ವೈದ್ಯರ ಮಂಡಳಿಗಳು ಒಪ್ಪಿದ ಮೇಲೆ, ಹತ್ತಿರದವರ ಸಮ್ಮತಿ ಪಡೆದು, ಕೃತಕ ಉಸಿರಾಟದಂತಹ ಚಿಕಿತ್ಸೆಯನ್ನು ನಿಲ್ಲಿಸಲು ಅವಕಾಶ ಕೊಡುತ್ತದೆ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಯಂತ್ರ ತೆಗೆಯುವ ಕಾಗದಕ್ಕೆ ಸಹಿ ಬಿದ್ದ ಗಳಿಗೆಯಿಂದ ಕೊನೆಯ ಉಸಿರಿನವರೆಗೆ ಕೆಲವೊಮ್ಮೆ ಒಂದು ಗಂಟೆ, ಕೆಲವೊಮ್ಮೆ ಎರಡು ದಿನ ಕಳೆಯುತ್ತದೆ. ಆ ಹೊತ್ತಿನಲ್ಲಿ ಆ ಜೀವಕ್ಕೆ ಏನು ಬೇಕು, ಅದನ್ನು ಯಾರು ಕೇಳಬೇಕು ಎಂಬ ಮಾತು ನಮ್ಮ ಚರ್ಚೆಯಲ್ಲಿ ಎಲ್ಲಿಯೂ ಕಾಣಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ 33 ವರ್ಷ ಶುಶ್ರೂಷಕಿಯಾಗಿ ದುಡಿದು, 2019ರಲ್ಲಿ ನಿವೃತ್ತಳಾಗಿ, ಈಗ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಆರೈಕೆ ಮಾಡುವ ಗುಂಪೊಂದರ ಜೊತೆ ಓಡಾಡುತ್ತಿರುವ ನನಗೆ ಈ ವಿಷಯವನ್ನು ಬರೆಯಲೇಬೇಕೆನಿಸಿತು.

ಒಳರೋಗಿಯಾಗಿ ದಾಖಲಾಗುವವರ ಕೇಸ್ ಶೀಟಿನಲ್ಲಿ ಹೆಸರು, ವಯಸ್ಸು, ಉದ್ಯೋಗಗಳ ಜೊತೆಗೆ ‘ಧರ್ಮ’ ಎಂಬ ಒಂದು ಕಾಲಂ ಇರುತ್ತದೆ. ನನ್ನ ಸೇವಾವಧಿಯಲ್ಲಿ ಆ ಕಾಲಂ ಅನ್ನು ಎಷ್ಟು ಸಾವಿರ ಸಲ ತುಂಬಿದ್ದೇನೋ ಲೆಕ್ಕವಿಲ್ಲ. ಬಹುತೇಕ ಸಲ ನಾವು ಯಾರನ್ನೂ ಕೇಳುತ್ತಿರಲಿಲ್ಲ. ಹೆಸರು ನೋಡಿ ಒಂದು ಪದ ಬರೆದುಬಿಡುತ್ತಿದ್ದೆವು. ಹಾಗೆ ಬರೆದ ಪದ ರೋಗಿ ಬದುಕಿರುವಷ್ಟು ದಿನ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಶವವನ್ನು ಒಪ್ಪಿಸುವ ಹೊತ್ತಿಗೆ ಮಾತ್ರ ಯಾರಾದರೂ ಅದರ ಮೇಲೆ ಕಣ್ಣು ಹಾಯಿಸುತ್ತಿದ್ದರು. ಆ ಪದವೂ ಎಷ್ಟೋ ಸಲ ಸತ್ಯವನ್ನು ಹೇಳುತ್ತಿರಲಿಲ್ಲ.

ಬಹಳ ವರ್ಷಗಳ ಹಿಂದಿನ ಒಂದು ರಾತ್ರಿಯ ಪಾಳಿಯನ್ನು ಇಲ್ಲಿ ಹೇಳಬೇಕು. ಶಿಗ್ಗಾಂವಿ ಕಡೆಯ ವೃದ್ಧ ರೈತರೊಬ್ಬರು ಹೊಟ್ಟೆಯ ಗಡ್ಡೆಯಿಂದ ಕೊನೆಯ ಹಂತ ತಲುಪಿದ್ದರು. ಕೇಸ್ ಶೀಟಿನಲ್ಲಿ ನಾನೇ ‘ಹಿಂದೂ’ ಎಂದು ಬರೆದಿದ್ದೆ. ಅದು ತಪ್ಪೂ ಅಲ್ಲ. ರಾತ್ರಿ ಎರಡರ ಸುಮಾರಿಗೆ ಅವರು ನನ್ನನ್ನು ಕರೆದು, ದಿಂಬಿನ ಕೆಳಗಿಂದ ಕಾಗದದ ಒಂದು ಸಣ್ಣ ಪೊಟ್ಟಣ ತೆಗೆದು ತೋರಿಸಿದರು. ಹುಲಗೂರಿನ ದರ್ಗಾದಲ್ಲಿ ಮಗ ಓದಿಸಿಕೊಂಡು ಬಂದ ಸಕ್ಕರೆ ಅದರಲ್ಲಿತ್ತು. “ಅಕ್ಕಾರ, ಒಂದ ಹರಳ ನಾಲಿಗಿ ಮ್ಯಾಲೆ ಇಡ್ರಿ, ಸಾಕು” ಎಂದರು. ಬಾಯಿಂದ ಏನನ್ನೂ ಕೊಡಬಾರದು ಎಂದು ವೈದ್ಯರು ಬರೆದಿದ್ದರು. ನಾನು ಆ ಬರಹವನ್ನು ತೋರಿಸಿ, ಆಗುವುದಿಲ್ಲ ಎಂದೆ. ಅವರು ವಾದ ಮಾಡಲಿಲ್ಲ, ಪೊಟ್ಟಣವನ್ನು ಮತ್ತೆ ಮಡಚಿ ಕೈಯಲ್ಲಿ ಹಿಡಿದುಕೊಂಡರು. ಬೆಳಗಾಗುವ ಮುಂಚೆ ತೀರಿಕೊಂಡರು, ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು. ನಾಲಿಗೆಯ ಮೇಲೆ ಇಟ್ಟ ಒಂದು ಹರಳು ಸಕ್ಕರೆಯಿಂದ ಅವರಿಗೆ ಯಾವ ಅಪಾಯವೂ ಆಗುತ್ತಿರಲಿಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು. ನಿಯಮದ ಹಿಂದೆ ನಿಂತುಕೊಂಡದ್ದು ನನ್ನ ತಪ್ಪು, ಅದನ್ನು ಬೇರೆ ಯಾರ ಮೇಲೂ ಹೊರಿಸುವುದಿಲ್ಲ. ಆದರೆ ನಮ್ಮ ಮೂರು ವರ್ಷಗಳ ನರ್ಸಿಂಗ್ ತರಬೇತಿಯಲ್ಲಿ ಇಂತಹ ಗಳಿಗೆಗೆ ಯಾವ ಪಾಠವೂ ಇರಲಿಲ್ಲ ಎಂಬುದೂ ನಿಜ. ಹಿಂದೂ ಎಂದು ಬರೆಸಿಕೊಂಡ ರೈತ ದರ್ಗಾದ ಸಕ್ಕರೆಯನ್ನು ಕೇಳುವುದು ಶಿಶುನಾಳ, ಹುಲಗೂರುಗಳ ಸೀಮೆಯವರಾದ ನಮಗೆ ಹೊಸದಲ್ಲ. ಅದಕ್ಕೆ ನಮ್ಮ ಕೇಸ್ ಶೀಟಿನಲ್ಲಿ ಮಾತ್ರ ಜಾಗವಿರಲಿಲ್ಲ.

ಇದು ಒಬ್ಬ ನರ್ಸಿನ ಭಾವುಕತೆಯಷ್ಟೇ ಎಂದು ವೈದ್ಯಕೀಯ ಕ್ಷೇತ್ರದವರು ಭಾವಿಸಬಾರದು. ಲಂಡನ್ನಿನಲ್ಲಿ 1967ರಲ್ಲಿ ಸಾವಿನ ಅಂಚಿನಲ್ಲಿರುವವರನ್ನು ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಸ್ಥಾಪಿಸಿದ ಡಾ. ಸಿಸಿಲಿ ಸಾಂಡರ್ಸ್ ಅವರು ಸಾಯುತ್ತಿರುವ ಮನುಷ್ಯನ ನೋವನ್ನು ದೇಹದ, ಮನಸ್ಸಿನ, ಸಂಸಾರ-ಸಮಾಜದ ಮತ್ತು ಅಧ್ಯಾತ್ಮದ ನೋವುಗಳು ಒಂದರೊಳಗೊಂದು ಹೆಣೆದುಕೊಂಡ ಒಟ್ಟು ನೋವು ಎಂದು ವಿವರಿಸಿದರು. ಅವರು ಮೊದಲು ನರ್ಸ್ ಆಗಿ ತರಬೇತಿ ಪಡೆದು, ಆಮೇಲೆ ವೈದ್ಯೆಯಾದವರು. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಉಪಶಮನ ಆರೈಕೆಗೆ, ಅಂದರೆ ಗಂಭೀರ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ಆರೈಕೆಗೆ, ಕೊಟ್ಟ ವ್ಯಾಖ್ಯಾನವೂ ದೈಹಿಕ, ಮಾನಸಿಕ-ಸಾಮಾಜಿಕ ಸಮಸ್ಯೆಗಳ ಜೊತೆಯಲ್ಲೇ ಆಧ್ಯಾತ್ಮಿಕ ಸಮಸ್ಯೆಗಳನ್ನೂ ಗುರುತಿಸಿ ಆರೈಕೆ ಮಾಡಬೇಕು ಎನ್ನುತ್ತದೆ. ಆದರೆ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಕೊನೆಯ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ನಂಬಿಕೆಯ ಪ್ರಶ್ನೆಯನ್ನು ಮುಟ್ಟದೆ ದೇಹದ ನೋವನ್ನೂ ಕಡಿಮೆ ಮಾಡಲಾಗದ ಸಂದರ್ಭಗಳಿವೆ ಎಂಬುದನ್ನು ನಾನು ನಿವೃತ್ತಿಯ ನಂತರವೇ ಸರಿಯಾಗಿ ಕಲಿತದ್ದು. ನಾವು ಮನೆಗೆ ಹೋಗಿ ನೋಡುತ್ತಿದ್ದ ಒಬ್ಬ ತಾಯಿಗೆ ಬಾಯಿಯ ಕ್ಯಾನ್ಸರ್ ಕೆನ್ನೆಯನ್ನು ತೂತು ಮಾಡಿತ್ತು. ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಮಾರ್ಫಿನ್ ಗುಳಿಗೆ ಪಡೆಯುವುದು ಕಾಗದದ ಮೇಲಾದರೂ ಸುಲಭವಾಗಿದೆ. ಓಡಾಡಿ, ಸಹಿ ಮಾಡಿಸಿ, ಅವರಿಗೆ ಗುಳಿಗೆಗಳನ್ನು ತಂದುಕೊಟ್ಟೆವು. ವಾರ ಬಿಟ್ಟು ಹೋದಾಗ ಡಬ್ಬಿ ಹಾಗೆಯೇ ಇತ್ತು. ಅಡ್ಡಪರಿಣಾಮಕ್ಕೆ ಹೆದರಿರಬೇಕು, ಚಟವಾದೀತೆಂದು ಮನೆಯವರು ತಡೆದಿರಬೇಕು ಎಂದೆಲ್ಲ ನಾವು ಊಹಿಸಿ, ಅವಕ್ಕೆಲ್ಲ ಸಮಾಧಾನ ಹೇಳಿದೆವು. ಮೂರನೆಯ ಭೇಟಿಯಲ್ಲಿ, ಸೊಸೆ ನೀರು ತರಲು ಹೊರಗೆ ಹೋಗಿದ್ದಾಗ, ಆ ತಾಯಿ ನನಗೊಬ್ಬಳಿಗೇ ಕೇಳುವಂತೆ ಹೇಳಿದರು: “ಮಾಡಿದ್ದನ್ನ ಇಲ್ಲೇ ಉಂಡು ತೀರಸಬೇಕು ಅಕ್ಕಾರ. ಗುಳಿಗಿ ತಗೊಂಡು ತಪ್ಪಿಸಿಕೊಂಡ್ರ ಮುಂದಿನ ಜನ್ಮಕ್ಕ ಉಳಕೊಂತೈತಿ.”

ಈ ಮಾತಿಗೆ ವೈದ್ಯರ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಅದೆಲ್ಲ ಮೂಢನಂಬಿಕೆ ಎಂದು ಅವರಿಗೆ ಹೇಳುವ ಅಧಿಕಾರವಾಗಲಿ ಮನಸ್ಸಾಗಲಿ ನನಗಿರಲಿಲ್ಲ. ನಿಮಗೆ ಯಾರ ಮಾತು ಹಿತವೆನಿಸುತ್ತದೆ ಎಂದಷ್ಟೇ ಕೇಳಿದೆ. ಪಕ್ಕದ ಊರಿನ ಮಠದ ಅಜ್ಜಾರ ಹೆಸರು ಹೇಳಿದರು. ವಿಷಯ ತಿಳಿಸಿದಾಗ ಅಜ್ಜಾರು ಎರಡನೆಯ ದಿನವೇ ಬಂದು, ಬಾಗಿಲು ಮುಂದೆ ಮಾಡಿಸಿ, ಅರ್ಧ ಗಂಟೆ ಅವರ ಪಕ್ಕದಲ್ಲಿ ಕುಳಿತಿದ್ದರು. ಏನು ಮಾತಾಯಿತೋ ನಮಗೆ ತಿಳಿಯದು, ನಾವು ಕೇಳಲೂ ಇಲ್ಲ. ಅವರು ಹೋದ ಮೇಲೆ ಆ ತಾಯಿ ತಾನೇ ಒಂದು ಒಪ್ಪಂದವನ್ನು ಮುಂದಿಟ್ಟರು: “ಹಗಲಿಂದು ನನ್ನ ಲೆಕ್ಕ, ರಾತ್ರಿದು ನಿಮ್ಮ ಲೆಕ್ಕ.” ರಾತ್ರಿ ಮಾತ್ರ ಗುಳಿಗೆ ತೆಗೆದುಕೊಳ್ಳುವುದಾಗಿ ಅದರ ಅರ್ಥ. ನಮ್ಮ ಪುಸ್ತಕದ ಪ್ರಕಾರ ಇದು ಸರಿಯಾದ ಚಿಕಿತ್ಸೆಯಲ್ಲ; ಮಾರ್ಫಿನ್ ಅನ್ನು ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕೊಡಬೇಕು. ಆದರೂ ವೈದ್ಯರು ಆ ಲೆಕ್ಕಕ್ಕೆ ಒಪ್ಪಿ, ರಾತ್ರಿಯ ಪ್ರಮಾಣವನ್ನು ಅದಕ್ಕೆ ಹೊಂದಿಸಿ ಬರೆದುಕೊಟ್ಟರು. ತಿಂಗಳುಗಳ ನಂತರ ಮೊದಲ ಬಾರಿಗೆ ಅವರು ರಾತ್ರಿ ನಿದ್ದೆ ಮಾಡಿದರು. ಹಗಲಿನ ನೋವನ್ನು ಕೊನೆಯವರೆಗೂ ತಮ್ಮ ಬಳಿಯೇ ಇಟ್ಟುಕೊಂಡರು. ಅದನ್ನು ನೋಡುವುದು ನನಗೆ ಬಹಳ ಕಷ್ಟವಾಗುತ್ತಿತ್ತು. ಆದರೆ ನಾವು ಕೇಳದೇ ಹೋಗಿದ್ದರೆ ಆ ರಾತ್ರಿಗಳೂ ಅವರಿಗೆ ಸಿಗುತ್ತಿರಲಿಲ್ಲ.

ಇನ್ನು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ದಿನವೂ ನಡೆಯುವುದನ್ನು ಹೇಳುತ್ತೇನೆ. ಶಸ್ತ್ರಚಿಕಿತ್ಸೆಗೆ ಮುಂಚೆ ಮೈಮೇಲಿನ ಒಡವೆ, ದಾರ, ತಾಯತಗಳನ್ನೆಲ್ಲ ತೆಗೆಸುವುದು ಸೋಂಕು ತಡೆಯುವ ದೃಷ್ಟಿಯಿಂದಲೂ ವಿದ್ಯುತ್ ಉಪಕರಣಗಳಿಂದ ಸುಟ್ಟಗಾಯವಾಗದಿರಲೆಂಬ ಎಚ್ಚರದಿಂದಲೂ ಅಗತ್ಯವೇ. ಆದರೆ ಲಿಂಗಧಾರಿಗಳಾದ ವೃದ್ಧರಿಗೆ ಇಷ್ಟಲಿಂಗ ಒಡವೆಯಲ್ಲ. ದೀಕ್ಷೆಯಾದ ದಿನದಿಂದ ಅಂಗವನ್ನು ಬಿಟ್ಟು ಇರಬಾರದೆಂದು ಅವರು ನಂಬಿರುವ, ಜೀವಕ್ಕಿಂತ ಮಿಗಿಲಾದ ವಸ್ತು ಅದು. ಅದನ್ನು ಶಿವದಾರ ಸಮೇತ ಎಳೆದು ತೆಗೆದು, ಬಳೆ, ಮೂಗುತಿಗಳ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೊರಗೆ ನಿಂತವರ ಕೈಗೆ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರಿವಳಿಕೆ ಇಳಿದು ಕಣ್ಣು ಬಿಟ್ಟ ಅಜ್ಜಿಯ ಕೈ ಮೊದಲು ಹೊಲಿಗೆಯ ಕಡೆ ಹೋಗಲಿಲ್ಲ, ಎದೆಯ ಮೇಲೆ ಹೋಯಿತು. ಇನ್ನೊಂದು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರೊಬ್ಬರು ಲಿಂಗವನ್ನಿಡುವ ಬೆಳ್ಳಿಯ ಕರಡಿಗೆಯನ್ನು ಮಾತ್ರ ತೆಗೆಸಿ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಶಸ್ತ್ರಚಿಕಿತ್ಸೆಗೆ ಅಡ್ಡಿಯಾಗದ ತೋಳಿಗೆ ಕಟ್ಟಿ, ಮೇಲೆ ಪ್ಲಾಸ್ಟರ್ ಅಂಟಿಸಿ ಒಳಗೆ ಕರೆದೊಯ್ಯುತ್ತಿದ್ದರು. ಅದಕ್ಕೆ ಎರಡು ನಿಮಿಷ ಸಾಕಾಗುತ್ತಿತ್ತು. ಹೀಗೆ ಮಾಡಬೇಕೆಂದು ಅವರಿಗೆ ಯಾವ ನಿಯಮವೂ ಹೇಳಿರಲಿಲ್ಲ.

ಬೇರೆ ಧರ್ಮಗಳವರ ಅಗತ್ಯಗಳೂ ಇಷ್ಟೇ ಸಣ್ಣವು. ಕೊನೆಗಾಲದಲ್ಲಿ ಮುಸ್ಲಿಂ ರೋಗಿಯ ಮುಖವನ್ನು ಪಶ್ಚಿಮಕ್ಕೆ ಮಾಡಿ, ಮನೆಯವರೊಬ್ಬರು ಕಿವಿಯ ಬಳಿ ಕಲಿಮಾ ಹೇಳಲು ಬಿಡಬೇಕು. ಕಥೋಲಿಕ ರೋಗಿಗೆ, ಪ್ರಜ್ಞೆ ಇರುವಾಗಲೇ, ಫಾದರ್ ಬಂದು ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಬೇಕಾಗುತ್ತದೆ. ಭೇಟಿಯ ಸಮಯ ಸಂಜೆ ಐದಕ್ಕೆ ಎಂದು ಅವರನ್ನು ತೀವ್ರ ನಿಗಾ ಘಟಕದ ಹೊರಗೆ ಕೂರಿಸಬಾರದು. ಜೈನರಲ್ಲಿ ಆಹಾರ ತ್ಯಜಿಸುವ ಸಲ್ಲೇಖನ ವ್ರತದ ಪ್ರಶ್ನೆ ಹೆಚ್ಚು ಕಠಿಣವಾದದ್ದು. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಅದನ್ನು ಕಾನೂನುಬಾಹಿರವೆಂದಿತು, ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಕ್ಕೂ ಹಿಂದಿನ ಶಾಸನಗಳಲ್ಲಿ ಇಂತಹ ಮರಣಗಳ ದಾಖಲೆಯಿರುವ ನಾಡಿನಲ್ಲಿ, ಊಟ ಬೇಡವೆನ್ನುವ ವೃದ್ಧರ ಮೂಗಿಗೆ ನಳಿಕೆ ಹಾಕುವ ಮುಂಚೆ ಯಾಕೆ ಬೇಡವೆನ್ನುತ್ತಿದ್ದೀರಿ ಎಂದು ಕುಳಿತು ಕೇಳುವಷ್ಟು ವ್ಯವಧಾನವಾದರೂ ನಮಗೆ ಇರಬೇಕು.

ಸರ್ಕಾರಿ ಆಸ್ಪತ್ರೆ ಜಾತ್ಯತೀತ ಸ್ಥಳ, ಅಲ್ಲಿ ಧರ್ಮದ ಮಾತೇಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಆದರೆ ನಮ್ಮ ಆಸ್ಪತ್ರೆಗಳಲ್ಲಿ ಧರ್ಮ ಈಗಾಗಲೇ ಇದೆ. ಆಯುಧಪೂಜೆಯ ದಿನ ಥಿಯೇಟರಿನ ಸಲಕರಣೆಗಳಿಗೆ ಕುಂಕುಮ ಹಚ್ಚುತ್ತೇವೆ, ಆಂಬುಲೆನ್ಸಿನ ಮುಂದೆ ಕುಂಬಳಕಾಯಿ ಒಡೆಯುತ್ತೇವೆ, ವಾರ್ಡಿನ ಗೋಡೆಗೆ ದೇವರ ಪಟ ತೂಗುಹಾಕುತ್ತೇವೆ. ಇವೆಲ್ಲ ಅಲ್ಲಿ ಕೆಲಸ ಮಾಡುವ ನಮ್ಮ ಸಮಾಧಾನಕ್ಕಾಗಿ ನಡೆಯುತ್ತವೆ. ಹಾಸಿಗೆಯ ಮೇಲೆ ಮಲಗಿರುವವರ ಸಮಾಧಾನ ಯಾವುದರಲ್ಲಿದೆ ಎಂದು ಮಾತ್ರ ನಾವು ವಿಚಾರಿಸಿಲ್ಲ. ಸಂವಿಧಾನದ 25ನೇ ವಿಧಿ ಕೊಡುವ ಸ್ವಾತಂತ್ರ್ಯವು ರೋಗಿಯು ಆಸ್ಪತ್ರೆಯ ಹೊಸ್ತಿಲು ದಾಟಿದ ಕೂಡಲೇ ಮುಗಿದುಹೋಗುವುದಿಲ್ಲ. ಸರ್ಕಾರ ತನ್ನ ಖರ್ಚಿನಲ್ಲಿ ಪುರೋಹಿತರನ್ನೋ ಮೌಲ್ವಿಗಳನ್ನೋ ನೇಮಿಸಲಿ ಎಂದು ನಾನು ಕೇಳುತ್ತಿಲ್ಲ, ಅದು ಆಗಲೇಬಾರದು. ರೋಗಿಯೇ ಬಯಸಿದವರು ಒಳಗೆ ಬರಲು ದಾರಿ ಬಿಡಿ ಎಂದಷ್ಟೇ ಕೇಳುತ್ತಿದ್ದೇನೆ.

ಸರ್ಕಾರಕ್ಕೆ ಈ ಹೊಣೆಯ ಅರಿವಿಲ್ಲವೆಂದೂ ಹೇಳುವಂತಿಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಒಯ್ಯದೆ ಉಳಿದಿದ್ದ ನೂರಾರು ಮಂದಿಯ ಚಿತಾಭಸ್ಮವನ್ನು ಆಗಿನ ಕಂದಾಯ ಸಚಿವರ ನೇತೃತ್ವದಲ್ಲಿ ಜೂನ್ ತಿಂಗಳಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಶಾಸ್ತ್ರೋಕ್ತವಾಗಿ ವಿಸರ್ಜಿಸಲಾಯಿತು. ಅದನ್ನು ಟಿವಿಯಲ್ಲಿ ನೋಡುತ್ತಾ ನಾನು ಅತ್ತಿದ್ದೆ. ಸತ್ತವರ ಬೂದಿಗೆ ಸಲ್ಲಬೇಕಾದದ್ದನ್ನು ಸರ್ಕಾರವೇ ಮುಂದೆ ನಿಂತು ಸಲ್ಲಿಸಿತಲ್ಲ, ಉಸಿರಿರುವಾಗಲೇ ಒಂದು ಚಮಚ ತುಳಸಿ ನೀರು ಕೇಳಿದವರಿಗೂ ಆ ಕಾಳಜಿ ಸಿಗಲಿ ಎಂಬುದೇ ನನ್ನ ಬೇಡಿಕೆ.

ಇದಕ್ಕಿಂತ ಗಂಭೀರವಾದ ಆತಂಕ ಇನ್ನೊಂದಿದೆ, ಅದು ನನಗೂ ಇದೆ. ಧರ್ಮದ ಹೆಸರಿನಲ್ಲಿ ಆರೈಕೆಯ ಜಾಗಕ್ಕೆ ಯಾರು ಯಾರನ್ನೋ ಬಿಟ್ಟರೆ ಏನಾಗಬಹುದು ಎಂಬುದನ್ನು ನಮ್ಮ ದೇಶ ಕಂಡಿದೆ. ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ಆಶ್ರಯ ನಂಬಿ ಬಂದಿದ್ದ ಮಾನಸಿಕ ರೋಗಿಗಳನ್ನು ಸರಪಳಿಯಿಂದ ಕಟ್ಟಿಹಾಕಿದ್ದ ಖಾಸಗಿ ಗುಡಿಸಲಿಗೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದು 28 ಮಂದಿ ಸುಟ್ಟುಹೋದರು. ಹಾವು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ತಪ್ಪಿಸಿ ಮಂತ್ರ-ತಂತ್ರ ಮಾಡುವುದನ್ನು ನಮ್ಮ ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆ ಅಪರಾಧವೆಂದು ಸಾರಿದೆ. ಕಾಯಿಲೆಯ ಮನೆಯನ್ನು ಹುಡುಕಿಕೊಂಡು ಬಂದು ಪವಾಡ ಮಾರುವವರನ್ನು ಇಂದಿಗೂ ನಾನು ಕಾಣುತ್ತೇನೆ. ಮತ ಯಾವುದಾದರೂ ಅವರ ವ್ಯಾಪಾರ ಒಂದೇ. ಸಾಯುತ್ತಿರುವವರ ಮುಂದೆ ಕರೆಯದೇ ಬಂದು ಉಪದೇಶ ಮಾಡುವುದನ್ನು ಆಸ್ಪತ್ರೆಗಳು ಖಡಾಖಂಡಿತವಾಗಿ ತಡೆಯಬೇಕು. ಆದರೆ ಅದೇ ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ತಂಗಿದ್ದ 31 ಮಾನಸಿಕ ರೋಗಿಗಳನ್ನು ನಿಮ್ಹಾನ್ಸ್‌ನ ವೈದ್ಯರು ಅಧ್ಯಯನ ಮಾಡಿ, ಯಾವ ಔಷಧವೂ ಇಲ್ಲದೆ ಅವರ ರೋಗಲಕ್ಷಣಗಳು ಸುಮಾರು ಶೇ 20ರಷ್ಟು ತಗ್ಗಿದ್ದನ್ನು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅಲ್ಲಿ ವಿಶೇಷ ಪೂಜೆಗಳೇನೂ ಇರಲಿಲ್ಲ. ಇದ್ದದ್ದು ಹೊಡೆಯದ, ಹೆದರಿಸದ, ಕೆಲಸ ಕೊಟ್ಟು ಜೊತೆಗಿಟ್ಟುಕೊಂಡ ಒಂದು ಆಸರೆ. ಸರಪಳಿ ಹಾಕುವ ಜಾಗ ಯಾವುದು, ಆಸರೆ ಕೊಡುವ ಜಾಗ ಯಾವುದು ಎಂದು ವಿವೇಚಿಸಲು ವೈದ್ಯಕೀಯದವರು ಅಲ್ಲಿಗೆ ಹೋಗಿ ನೋಡಿದ್ದರಿಂದಲೇ ಸಾಧ್ಯವಾಯಿತು.

ನಂಬಿಕೆಯಿಲ್ಲದವರನ್ನು ಇಂತಹ ವ್ಯವಸ್ಥೆ ಕಡೆಗಣಿಸುತ್ತದೆ ಎಂದೂ ಭಾವಿಸಬಾರದು. ನಿವೃತ್ತ ಶಿಕ್ಷಕರೊಬ್ಬರು ತಮ್ಮ ಹಾಸಿಗೆಯ ಬಳಿ ಯಾರೂ ಮಂತ್ರ ಹೇಳಬಾರದು, ಹಣೆಗೆ ಏನನ್ನೂ ಹಚ್ಚಬಾರದು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದರೂ, ಪ್ರಜ್ಞೆ ತಪ್ಪಿದ ದಿನ ಬಂಧುಗಳು ಅದನ್ನೇ ಮಾಡಿದರು. ಅವರ ಇಚ್ಛೆ ಕೇಸ್ ಶೀಟಿನಲ್ಲಿ ಬರಹದಲ್ಲಿ ಇದ್ದಿದ್ದರೆ ಅವರ ಪರವಾಗಿ ನಾನು ನಿಲ್ಲಬಹುದಿತ್ತು.

ನಮ್ಮ ನಾಡಿನಲ್ಲಿ ಧರ್ಮ ಮತ್ತು ಆರೈಕೆ ಪರಸ್ಪರ ಅಪರಿಚಿತವಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಬಡವರಿಗೆ ಔಷಧ ಹಂಚಲು ತೊಡಗಿದ್ದು ಇಂದು ದೊಡ್ಡ ಆಸ್ಪತ್ರೆಯಾಗಿ ಬೆಳೆದಿದೆ. ಸುತ್ತೂರು, ಆದಿಚುಂಚನಗಿರಿ ಮೊದಲಾದ ಮಠಗಳು ವೈದ್ಯಕೀಯ ಕಾಲೇಜುಗಳನ್ನು ನಡೆಸುತ್ತಿವೆ. ಬೆಂಗಳೂರಿನ ಕರುಣಾಶ್ರಯವು 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ನೆರೆಯ ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನಲ್ಲಿ ಆರಂಭವಾದ ಉಪಶಮನ ಆರೈಕೆಯ ಕೆಲಸ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಹರಡಿತು. ನರ್ಸಿನ ಜೊತೆ ಊರಿನವರೇ ರೋಗಿಯ ಮನೆಗೆ ಹೋಗುತ್ತಾರೆ. ಕಟ್ಟಡ, ಯಂತ್ರ, ಸೀಟುಗಳಿಗೆ ಇಷ್ಟು ಶ್ರಮ ಹಾಕಿದ ನಮ್ಮ ಮಠ, ಮಿಷನ್, ಟ್ರಸ್ಟುಗಳು ತಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಸಾಯುವವರ ಮಾತು ಕೇಳುವುದನ್ನು ಕಲಿಸಲು ವರ್ಷಕ್ಕೆ ಹತ್ತು ತರಗತಿ ಮೀಸಲಿಟ್ಟರೆ, ಬೇರೆ ಯಾರೂ ಮಾಡಲಾರದ ಕೆಲಸ ಮಾಡಿದಂತಾಗುತ್ತದೆ. ಅವರ ಬಳಿ ಪಾಠ ಹೇಳಬಲ್ಲ ವೈದ್ಯರೂ ಇದ್ದಾರೆ, ಹಳ್ಳಿಯ ತಾಯಂದಿರು ಮಾತು ಕೇಳುವ ಅಜ್ಜಾರೂ ಇದ್ದಾರೆ.

ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಒಳರೋಗಿಗಳ ಕೇಸ್ ಶೀಟು ಮುಂದಿನ ಬಾರಿ ಅಚ್ಚಿಗೆ ಹೋಗುವಾಗ, ‘ಧರ್ಮ’ ಎಂಬ ಕಾಲಮ್ಮಿನ ಜಾಗದಲ್ಲಿ ಎರಡು ಪ್ರಶ್ನೆಗಳನ್ನು ಸೇರಿಸಿ: “ನೀವು ಇಲ್ಲಿರುವಾಗ ನಾವು ಪಾಲಿಸಬೇಕಾದ ಅಥವಾ ಮಾಡಬಾರದಾದ ಆಚರಣೆ ಏನಾದರೂ ಇದೆಯೇ?” ಮತ್ತು “ಕಷ್ಟದ ಹೊತ್ತಿನಲ್ಲಿ ಯಾರು ನಿಮ್ಮ ಪಕ್ಕದಲ್ಲಿರಬೇಕು?” ಉತ್ತರ ಬರೆದುಕೊಳ್ಳಲು ಎರಡೆರಡು ಗೆರೆ ಬಿಡಿ, ಯಾರಾದರೂ ಏನನ್ನೂ ಹೇಳಲು ಇಷ್ಟಪಡದಿದ್ದರೆ ಅದನ್ನೂ ಬರೆಯಲು ಜಾಗವಿರಲಿ. ಚಿಕಿತ್ಸೆ ನಿಲ್ಲಿಸಲು ವೈದ್ಯರ ಮಂಡಳಿ ಒಪ್ಪಿದ ರೋಗಿಗೆ ಭೇಟಿಯ ಸಮಯದ ನಿರ್ಬಂಧ ಅನ್ವಯಿಸದೆಂದು ಒಂದು ಸಾಲಿನ ಆದೇಶ ಹೊರಡಿಸಿ, ಒಬ್ಬಿಬ್ಬರು ಹತ್ತಿರದವರು ಕೊನೆಯವರೆಗೆ ಕೈ ಹಿಡಿದು ಕೂರಲು ಹಾಸಿಗೆಯ ಪಕ್ಕ ಎರಡು ಸ್ಟೂಲುಗಳನ್ನು ಇಡಿಸಿ. ರಾತ್ರಿ ಪಾಳಿಯ ನರ್ಸಿಗೆ, ರೋಗಿಯ ಪ್ರಾಣಕ್ಕೆ ಅಪಾಯವಿಲ್ಲದ ಇಂತಹ ಕೋರಿಕೆಗಳನ್ನು ತಾನೇ ನಿರ್ಧರಿಸಿ ಈಡೇರಿಸುವ ಅಧಿಕಾರವನ್ನು ಬರಹದಲ್ಲಿ ಕೊಡಿ. ಒಂದು ಹರಳು ಸಕ್ಕರೆ ಕೊಡಲು ಅವಳು ರಾತ್ರಿ ಎರಡು ಗಂಟೆಗೆ ಯಾರ ಅಪ್ಪಣೆಗೂ ಕಾಯುವಂತಾಗಬಾರದು.

ಇಂತಿ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ
ಹಾವೇರಿ ಜಿಲ್ಲೆ